ಇಪ್ಪತ್ತು ಕಿಲೋಮೀಟರ್‌ಗೆ ಎಂಟು ವಾರ



ರಾಜಕೀಯ ಇವತ್ತು ಸ್ವಲ್ಪ ಹೊತ್ತು ಪಕ್ಕಕ್ಕಿರಲಿ. ಸೈಕಲ್ ಬಗ್ಗೆ ಮಾತಾಡೋಣ. ಇದೇನಪ್ಪಾ, ಪ್ರೈಮ್ ಟೈಮ್‌ನಲ್ಲಿ ಸೈಕಲ್ಲಾ ಅಂತ ಚಾನೆಲ್ ಬದಲಾಯಿಸಬೇಡಿ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ, ಆಫೀಸಿನಲ್ಲೋ ಒಬ್ಬರಾದರೂ ಈ ವರ್ಷ ಯಾವುದೋ ಒಂದು ಸೈಕಲ್ ರೇಸ್‌ಗೆ ಹೆಸರು ಕೊಟ್ಟಿರ್ತಾರೆ. ಅವರಿಗೋಸ್ಕರ ಈ ಮಾತು. ಅವರ ಮನೆಯವರಿಗೋಸ್ಕರ ಇನ್ನೂ ಹೆಚ್ಚು.

ನಮ್ಮ ರಾಜ್ಯದಲ್ಲಿ ಸೈಕಲ್ ರೇಸ್ ಅಂದ್ರೆ ಎರಡು ಲೋಕ. ಒಂದು ಬೆಂಗಳೂರು, ಮೈಸೂರು. ಭಾನುವಾರ ಬೆಳಗ್ಗೆ ಐದು ಗಂಟೆಗೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಊರಾಚೆ ಹೋಗುವವರು. ಐಟಿ ಕಂಪನಿಯವರು, ಡಾಕ್ಟರ್‌ಗಳು, ವ್ಯಾಪಾರಸ್ಥರು. ಮೂವತ್ತೈದು ದಾಟಿದವರೇ ಜಾಸ್ತಿ. ಇನ್ನೊಂದು ಲೋಕ ವಿಜಯಪುರ, ಬಾಗಲಕೋಟೆ ಕಡೆಯದು. ಅಲ್ಲಿ ಸೈಕಲ್ ರೇಸ್ ಹೊಸ ಫ್ಯಾಷನ್ ಅಲ್ಲ. ಜಾತ್ರೆ ಬಂತು ಅಂದ್ರೆ ಕುಸ್ತಿ, ಬಂಡಿ ಓಟದ ಜೊತೆಗೆ ಸೈಕಲ್ ಓಟವೂ ಇರುತ್ತೆ. ಪತ್ರಿಕೆಯವರು ವಿಜಯಪುರವನ್ನು ಸೈಕ್ಲಿಂಗ್ ಪಟುಗಳ ಕಣಜ ಅಂತ ಸುಮ್ಮನೆ ಕರೆಯೋದಿಲ್ಲ. ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಆ ಎರಡು ಜಿಲ್ಲೆಗಳು ದಶಕಗಳಿಂದ ಕೊಡ್ತಾನೇ ಬಂದಿವೆ.

ಎರಡೂ ಲೋಕಕ್ಕೆ ಸಮಾನವಾದದ್ದು ಒಂದಿದೆ. ಹವ್ಯಾಸಿಗಳ ರೇಸ್ ಬಹುತೇಕ ಚಿಕ್ಕದು. ಹದಿನೈದು, ಇಪ್ಪತ್ತು, ಹೆಚ್ಚೆಂದರೆ ಮೂವತ್ತು, ನಲವತ್ತು ಕಿಲೋಮೀಟರ್. ಈ "ಚಿಕ್ಕದು" ಅನ್ನೋ ಪದವೇ ನಮ್ಮನ್ನು ದಾರಿ ತಪ್ಪಿಸುತ್ತೆ. ಇಪ್ಪತ್ತು ಕಿಲೋಮೀಟರ್ ತಾನೇ, ದಿನಾ ಹೊಡೀತೀನಲ್ಲ ಅಂತಾರೆ. ಕೊನೆಯ ವಾರದಲ್ಲಿ ಎದ್ದು ಬಿದ್ದು ಅಭ್ಯಾಸ ಮಾಡ್ತಾರೆ. ನಾನು ಇಂಜಿನಿಯರಿಂಗ್ ಓದಿದವನು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದ ಎಷ್ಟೋ ಜನರನ್ನು ನೋಡಿದ್ದೀನಿ. ಆ ವಿದ್ಯೆ ತಲೆಗೆ ನಡೆಯಬಹುದು, ಕಾಲಿಗೆ ನಡೆಯಲ್ಲ.

ಯಾಕೆ ನಡೆಯಲ್ಲ? ನೂರು ಕಿಲೋಮೀಟರ್ ಸವಾರಿಯಲ್ಲಿ ನೀವು ಮಾತಾಡ್ತಾ, ಮಧ್ಯೆ ಇಡ್ಲಿ ತಿಂತಾ, ಟೀ ಕುಡೀತಾ ಹೋಗಬಹುದು. ಇಪ್ಪತ್ತು ಕಿಲೋಮೀಟರ್ ರೇಸ್‌ನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗ ಅಂದ್ರೂ ಬರೋಬ್ಬರಿ 40 ನಿಮಿಷ. ಆ 40 ನಿಮಿಷವೂ ನಿಮ್ಮ ಹೃದಯ, ಶ್ವಾಸಕೋಶ ತಮ್ಮ ಗರಿಷ್ಠ ಮಿತಿಗೆ ಹತ್ತಿರದಲ್ಲೇ ಕೆಲಸ ಮಾಡಬೇಕು. ಒಂದು ಪೂರ್ತಿ ವಾಕ್ಯ ಮಾತಾಡೋಕೂ ಉಸಿರು ಸಿಗಲ್ಲ. ದೂರ ಚಿಕ್ಕದಾದಷ್ಟೂ ದೇಹದ ಮೇಲೆ ಬೀಳುವ ಒತ್ತಡ ಜಾಸ್ತಿ. ಒತ್ತಡ ಜಾಸ್ತಿಯಾದಷ್ಟೂ ತಯಾರಿಯ ಸಮಯ ಜಾಸ್ತಿ ಬೇಕು. ಇವತ್ತಿನ ನನ್ನ ಮಾತಿನ ಸಾರ ಇಷ್ಟೇ.

ಈಗ ಎಲ್ಲರ ಮನಸ್ಸಿನಲ್ಲೂ ಇರುವ ವಿಷಯಕ್ಕೆ ಬರ್ತೀನಿ. 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಅವರನ್ನು ಕಳೆದುಕೊಂಡ ದಿನ. ವಯಸ್ಸು 46. ಅದಾದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದನ್ನು ನಾವೆಲ್ಲ ತೋರಿಸಿದ್ವಿ, ನೀವೆಲ್ಲ ನೋಡಿದ್ರಿ. ಆ ಸಾಲು ಎಷ್ಟು ದಿನ ಇತ್ತು? ಕೆಲವೇ ವಾರ. ಆಮೇಲೆ ಕೆಲವರು ವ್ಯಾಯಾಮವೇ ಅಪಾಯ ಅಂತ ಮನೆಯಲ್ಲಿ ಕೂತರು. ಇನ್ನು ಕೆಲವರು ಎಲ್ಲ ಮರೆತು ಮೊದಲಿನ ಹಾಗೇ ಆದರು. ಎರಡೂ ಸರಿಯಲ್ಲ. ನಿಯಮಿತ ವ್ಯಾಯಾಮ ಹೃದಯಕ್ಕೆ ಒಳ್ಳೆಯದು, ಇದರಲ್ಲಿ ವೈದ್ಯರಿಗೆ ಎರಡು ಮಾತಿಲ್ಲ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತ ದೇಹವನ್ನು ಏಕಾಏಕಿ ಮಿತಿಯ ತುದಿಗೆ ತಳ್ಳೋದು ಬೇರೆ ವಿಷಯ. 35 ದಾಟಿದವರು, ಬಿಪಿ, ಶುಗರ್ ಇರುವವರು, ಸಿಗರೇಟ್ ಸೇದುವವರು, ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದವರು ಹೆಸರು ಕೊಡುವ ಮುಂಚೆ ವೈದ್ಯರ ಹತ್ತಿರ ಹೋಗಿ. "ರೇಸ್ ಓಡಿಸ್ತೀನಿ" ಅಂತ ಬಾಯಿಬಿಟ್ಟು ಹೇಳಿ. ಇಸಿಜಿ ಸಾಕೋ, ಟ್ರೆಡ್‌ಮಿಲ್ ಟೆಸ್ಟ್ ಬೇಕೋ ಅವರು ತೀರ್ಮಾನ ಮಾಡಲಿ, ವಾಟ್ಸ್ಆ್ಯಪ್ ಗ್ರೂಪ್ ಬೇಡ. ಇನ್ನೊಂದು ಮಾತು. ಜ್ವರ ಬಂದಾಗ, ಬಿಟ್ಟ ತಕ್ಷಣ, ಜೋರು ಅಭ್ಯಾಸ ಮಾಡಬೇಡಿ. ವೈರಲ್ ಜ್ವರ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತೆ. ಎದೆ ಹಿಡಿದ ಹಾಗಾದ್ರೆ, ತಲೆ ಸುತ್ತಿದ್ರೆ ನಿಲ್ಲಿಸಿ. ಪದಕ ಮುಂದಿನ ವರ್ಷವೂ ಕೊಡ್ತಾರೆ.

ಸರಿ, ವೈದ್ಯರು ಹೂಂ ಅಂದ್ರು. ಮುಂದೆ?

ಮುಂದೆ ನಮ್ಮವರು ನೇರ ಅಂಗಡಿಗೆ ಹೋಗ್ತಾರೆ. ಕಾರ್ಬನ್ ಫ್ರೇಮ್ ಅಂತೆ, ಹಗುರದ ಚಕ್ರ ಅಂತೆ. ಬಿಲ್ಲು ಲಕ್ಷ ದಾಟುತ್ತೆ. ಕಂತಿನಲ್ಲಿ ಕೊಳ್ಳುವವರೂ ಇದ್ದಾರೆ. ದುಡ್ಡು ನಿಮ್ಮದು, ನಾನ್ಯಾರು ಕೇಳೋಕೆ? ಆದರೆ ಒಂದು ಲೆಕ್ಕ ಹೇಳ್ತೀನಿ, ಕೇಳಿ. ನಿಮ್ಮ ತೂಕ 70 ಕೆಜಿ, ಸೈಕಲ್ 10 ಕೆಜಿ ಅಂದುಕೊಳ್ಳಿ. ಒಟ್ಟು 80. ನಂದಿ ಬೆಟ್ಟ ಹತ್ತೋಕೆ ನಿಮಗೆ 40 ನಿಮಿಷ ಬೇಕು. ಏರಿನಲ್ಲಿ ತೂಕವೇ ಮುಖ್ಯ ಶತ್ರು. ಸಾವಿರಾರು ರೂಪಾಯಿ ಸುರಿದು ಸೈಕಲ್ಲಿನಿಂದ ಒಂದು ಕೆಜಿ ಇಳಿಸಿದ್ರಿ. ಎಂಬತ್ತರಲ್ಲಿ ಒಂದು ಪಾಲು. ಉಳಿಯೋದು ಹೆಚ್ಚೆಂದರೆ 30 ಸೆಕೆಂಡ್. ಅದೇ ಒಂದು ಕೆಜಿಯನ್ನು ಹೊಟ್ಟೆಯಿಂದ ಇಳಿಸಿದ್ರೂ ಅದೇ 30 ಸೆಕೆಂಡ್. ಅದಕ್ಕೆ ಯಾವ ಅಂಗಡಿಯೂ ಬಿಲ್ ಹಾಕಲ್ಲ. ಸಮತಟ್ಟು ರಸ್ತೆಯಲ್ಲಂತೂ ಆ ಒಂದು ಕೆಜಿಯ ಲಾಭ ಲೆಕ್ಕಕ್ಕೇ ಬರೋದಿಲ್ಲ.

ಸಮತಟ್ಟಿನಲ್ಲಿ ಶತ್ರು ಬೇರೆ. ಗಾಳಿ. ವಿಜಯಪುರ, ಗದಗ, ಚಿತ್ರದುರ್ಗದ ಬಯಲಿನಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿರೋದನ್ನು ನೋಡಿದ್ದೀರಲ್ಲ, ಅಲ್ಲಿ ಸೈಕಲ್ ತುಳಿಯುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳೋಕೇ ಖರ್ಚಾಗುತ್ತೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ಸುಲಭವಾಗಿ ಹೇಳಬೇಕಂದ್ರೆ, 30ರಿಂದ 33ಕ್ಕೆ ಹೋಗಬೇಕು, ಅಂದ್ರೆ ಶೇಕಡ 10ರಷ್ಟು ವೇಗ ಹೆಚ್ಚಬೇಕು ಅಂದ್ರೆ, ಗಾಳಿಯ ಜೊತೆಗಿನ ಗುದ್ದಾಟಕ್ಕೆ ಶೇಕಡ 33ರಷ್ಟು ಹೆಚ್ಚು ಶಕ್ತಿ ಬೇಕು. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಗಾಳಿಗೆ ಅಡ್ಡ ನಿಲ್ಲೋದು ಸೈಕಲ್ಲಿಗಿಂತ ಹೆಚ್ಚಾಗಿ ನಿಮ್ಮ ಮೈ. ಮೊಣಕೈ ಬಗ್ಗಿಸಿ, ಬೆನ್ನು ಬಾಗಿಸಿ, ತಲೆ ತಗ್ಗಿಸಿ ಕೂರೋದನ್ನು ಕಲಿತರೆ ಅದೇ ಕಾಲಿಗೆ ಹೆಚ್ಚು ವೇಗ ಸಿಗುತ್ತೆ. ಖರ್ಚು ಸೊನ್ನೆ. ಆದರೆ ಆ ಭಂಗಿಯಲ್ಲಿ 40 ನಿಮಿಷ ಕೂರೋಕೆ ಬೆನ್ನಿಗೆ, ಕುತ್ತಿಗೆಗೆ ವಾರಗಟ್ಟಲೆ ಅಭ್ಯಾಸ ಬೇಕು. ದಾರಿ ನೋಡೋಕೆ ಕಣ್ಣು ಮೇಲಿರಲಿ, ಅದನ್ನು ಮರೀಬೇಡಿ.

ಇದಕ್ಕೆ ಜಗತ್ತಿನಲ್ಲೇ ದೊಡ್ಡ ಉದಾಹರಣೆ 1989ರ ಟೂರ್ ಡಿ ಫ್ರಾನ್ಸ್. ಅದು ವೃತ್ತಿಪರರ ಲೋಕ, ಆದರೆ ಪಾಠ ಎಲ್ಲರಿಗೂ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಮುಗಿದಿತ್ತು. ಕೊನೆಯ ದಿನ ಜುಲೈ 23. ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್. ಫ್ರಾನ್ಸಿನ ಲೋರಾಂ ಫಿನ್ಯೋ 50 ಸೆಕೆಂಡ್ ಮುಂದಿದ್ದರು. ಅಮೆರಿಕದ ಗ್ರೆಗ್ ಲೆಮಾಂಡ್ ಹಿಂದಿದ್ದರು. ಇಷ್ಟು ಚಿಕ್ಕ ದೂರದಲ್ಲಿ 50 ಸೆಕೆಂಡ್ ಯಾರು ಕಸಿಯೋಕೆ ಸಾಧ್ಯ ಅಂತಾನೇ ಬಹಳ ಜನ ಅಂದುಕೊಂಡಿದ್ದರು. ಲೆಮಾಂಡ್ ಕೈಗಳನ್ನು ಮುಂದಕ್ಕೆ ಚಾಚಿ ಮೈ ಕಿರಿದು ಮಾಡುವ ವಿಶೇಷ ಹ್ಯಾಂಡಲ್, ಗಾಳಿ ಸರಿದು ಹೋಗುವ ಹೆಲ್ಮೆಟ್ ಬಳಸಿದರು. ಫಿನ್ಯೋ ತಲೆಗೆ ಏನೂ ಇಲ್ಲದೆ, ಜುಟ್ಟು ಹಾರಿಸ್ತಾ ಹೋದರು. ಫಲಿತಾಂಶ? ಇಡೀ ಟೂರ್ ಅನ್ನು ಲೆಮಾಂಡ್ 8 ಸೆಕೆಂಡ್‌ನಲ್ಲಿ ಗೆದ್ದರು. ಆ ಸ್ಪರ್ಧೆಯ ಇತಿಹಾಸದಲ್ಲೇ ಅತಿ ಕಡಿಮೆ ಅಂತರ ಅದು.

ನೋಡಿ, ಸಾಮಾನೇ ಗೆಲ್ಲಿಸಿತಲ್ಲ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಆ ಹ್ಯಾಂಡಲ್ ಅವರು ಕೊನೆಯ ದಿನ ಪೆಟ್ಟಿಗೆಯಿಂದ ತೆಗೆದದ್ದಲ್ಲ. ಅದೇ ಟೂರ್‌ನ ಶುರುವಿನಲ್ಲಿ 73 ಕಿಲೋಮೀಟರ್‌ನ ಇನ್ನೊಂದು ಟೈಮ್ ಟ್ರಯಲ್ ಅನ್ನು ಅದರಲ್ಲೇ ಗೆದ್ದಿದ್ದರು. ಅದರಿಂದ ಸಿಕ್ಕಿದ್ದು ಮೈಯ ಭಂಗಿ. ಆ ಭಂಗಿಯಲ್ಲಿ ಪೂರ್ತಿ ಶಕ್ತಿ ಹಾಕಿ ತುಳಿಯೋದು ಅವರಿಗೆ ಮೊದಲೇ ರೂಢಿಯಾಗಿತ್ತು.

ಹಾಗಾದ್ರೆ ಎಂಟು ವಾರದಲ್ಲಿ ಏನು ಮಾಡಬೇಕು? ಈಗಾಗಲೇ ಒಂದು ಗಂಟೆ ಆರಾಮಾಗಿ ಸೈಕಲ್ ತುಳಿಯುವ ಸಾಮಾನ್ಯ ಮನುಷ್ಯನಿಗೆ ಹೇಳ್ತಿದ್ದೀನಿ.

ಮೊದಲು ಸೀಟಿನ ಎತ್ತರ. ಸೀಟಿನ ಮೇಲೆ ಕೂತು ಪೆಡಲ್ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಲ್ಲಿ ತುಳಿಯುವಾಗ ಮೊಣಕಾಲು ಸ್ವಲ್ಪ ಬಗ್ಗಿರುತ್ತೆ, ಅದೇ ಸರಿಯಾದ ಅಳತೆ. ಸೀಟು ತೀರಾ ಕೆಳಗಿಟ್ಟು ಮೊಣಕಾಲು ನೋವು ತಂದುಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಮೊದಲ ಮೂರು ವಾರ ವಾರಕ್ಕೆ ನಾಲ್ಕು ದಿನ ನಿಧಾನದ ಸವಾರಿ. ಮೂರು ದಿನ ಮುಕ್ಕಾಲು ಗಂಟೆ, ಒಂದು ಗಂಟೆ. ಭಾನುವಾರ ಒಂದೂವರೆಯಿಂದ ಎರಡು ಗಂಟೆ. ನಿಧಾನ ಅಂದ್ರೆ ಎಷ್ಟು? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು, ಅಷ್ಟು. ಇದು ಬಹಳ ಜನರಿಗೆ ಅವಮಾನ ಅನ್ಸುತ್ತೆ. ಹಿಂದಿನಿಂದ ಯಾರೋ ದಾಟಿಕೊಂಡು ಹೋದರೆ ಸಾಕು, ಅಟ್ಟಿಸಿಕೊಂಡು ಹೋಗ್ತಾರೆ. ಹೋಗಬೇಡಿ. ಅಡಿಪಾಯದ ಕಾಂಕ್ರೀಟ್ ಗಟ್ಟಿಯಾಗೋ ಮುಂಚೆ ಮೇಲಿನ ಮಹಡಿ ಕಟ್ಟುವ ಮೇಸ್ತ್ರಿ ಇದ್ದಾನಾ?

ಹಗುರ ಗೇರ್‌ನಲ್ಲಿ ಬೇಗ ಬೇಗ ತುಳಿಯೋದನ್ನೂ ಈ ಹೊತ್ತಲ್ಲೇ ಕಲೀರಿ. ನಿಮಿಷಕ್ಕೆ 80ರಿಂದ 90 ಸುತ್ತು. ಭಾರದ ಗೇರ್ ಹಾಕಿ ಒತ್ತಿ ಒತ್ತಿ ತುಳಿದ್ರೆ ತೊಡೆ ಬೇಗ ಸೋಲುತ್ತೆ, ಮೊಣಕಾಲಿಗೂ ಪೆಟ್ಟು.

ನಾಲ್ಕರಿಂದ ಏಳನೇ ವಾರದವರೆಗೆ ವಾರಕ್ಕೆ ಎರಡು ದಿನ ಮಾತ್ರ ಜೋರು. ಒಂದು ದಿನ ಮೂರು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ಐದು ಸಲ. ಮೊದಲನೆಯದರಲ್ಲೇ ಪ್ರಾಣ ಹಾಕಬೇಡಿ. ಐದನೆಯದು ಮೊದಲನೆಯದರ ವೇಗದಲ್ಲೇ ಬರಬೇಕು. ಇನ್ನೊಂದು ದಿನ ರೇಸ್‌ನ ವೇಗದಲ್ಲಿ 12 ನಿಮಿಷ, ಐದು ನಿಮಿಷ ಬಿಡುವು, ಮತ್ತೆ 12 ನಿಮಿಷ. ಈ ಎರಡು ದಿನಗಳ ನಡುವೆ ಒಂದು ದಿನವಾದರೂ ಅಂತರ ಇರಲಿ. ಉಳಿದದ್ದೆಲ್ಲ ಹಿಂದಿನಂತೆ ನಿಧಾನ. ಬೆಳಗ್ಗೆ ಎದ್ದಾಗ ಕಾಲು ಕಲ್ಲಾಗಿದ್ರೆ, ನಿದ್ದೆ ಕೆಟ್ಟಿದ್ರೆ ಆ ದಿನದ ಜೋರು ಬಿಟ್ಟುಬಿಡಿ. ದೇಹ ಬಲವಾಗೋದು ತುಳಿಯುವಾಗ ಅಲ್ಲ, ಆಮೇಲೆ ಮಲಗಿದಾಗ. ರಾತ್ರಿ ಹನ್ನೆರಡರ ತನಕ ಮೊಬೈಲ್ ನೋಡಿ, ಐದಕ್ಕೆ ಎದ್ದು ಸೈಕಲ್ ಹತ್ತೋರಿಗೆ ಯಾವ ತರಬೇತಿಯೂ ಹತ್ತಲ್ಲ.

ಎಂಟನೇ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ. ಒಂದೆರಡು ಚಿಕ್ಕ ಜೋರು ಇರಲಿ, ಕಾಲು ಮರೆಯದಿರಲಿ ಅಂತ. ಹಿಂದಿನ ದಿನ ಇಪ್ಪತ್ತು, ಮೂವತ್ತು ನಿಮಿಷ ಸುಮ್ಮನೆ ಸುತ್ತಿ ಬನ್ನಿ. ಆ ವಾರ ಜಾಸ್ತಿ ಮಾಡಿದ್ರೆ ಬರೋದು ಆಯಾಸ ಮಾತ್ರ.

ಹೇಳೋದು ಸುಲಭ. ಇದನ್ನೆಲ್ಲ ಎಲ್ಲಿ ಮಾಡೋದು? ಇಲ್ಲಿಗೆ ಬಂದಾಗ ನನ್ನ ಧ್ವನಿ ಸ್ವಲ್ಪ ಏರುತ್ತೆ, ಕ್ಷಮಿಸಿ. ರೇಸ್ ದಿನ ರಸ್ತೆ ಬಂದ್ ಆಗಿರಬಹುದು, ಆಂಬುಲೆನ್ಸ್ ಇರಬಹುದು. ಆದರೆ ಆ 40 ನಿಮಿಷಕ್ಕಾಗಿ ಎಂಟು ವಾರ, ಹತ್ತಾರು ಗಂಟೆ ನೀವು ಲಾರಿ, ಬಸ್ಸು, ಕಾರುಗಳ ಮಧ್ಯೆ ಇರ್ತೀರಿ. ಅಪಾಯ ಇರೋದು ಅಲ್ಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್, ಮೋಟಾರ್ ಇಲ್ಲದ ವಾಹನಗಳಿಗೆ ಪ್ರವೇಶ ಇಲ್ಲ. ಸೈಕಲ್ಲೂ ಅದರಲ್ಲೇ ಬಂತು. ರಸ್ತೆ ನುಣುಪಾಗಿದೆ ಅಂತ ಅಲ್ಲಿ ನುಗ್ಗಬೇಡಿ. ವಿಜಯಪುರದ ಕಥೆ ಇನ್ನೂ ಬೇಸರದ್ದು. ಇಷ್ಟು ಸೈಕ್ಲಿಸ್ಟ್‌ಗಳನ್ನು ಕೊಟ್ಟ ಊರು ಒಂದು ವೆಲೋಡ್ರೋಮ್‌ಗೆ ವರ್ಷಗಟ್ಟಲೆ ಕಾಯಬೇಕಾಯಿತು. ಅಷ್ಟು ವರ್ಷ ಮಕ್ಕಳು ಹೆದ್ದಾರಿಯ ಅಂಚಿನಲ್ಲೇ ಅಭ್ಯಾಸ ಮಾಡಿದರು. ಪದಕ ಬಂದಾಗ ಹಾರ ಹಾಕೋಕೆ ಮುಂದೆ ಬರುವ ನಾಯಕರು, ಆ ಮಕ್ಕಳು ಬೆಳಗಿನ ಜಾವ ಯಾವ ರಸ್ತೆಯಲ್ಲಿರ್ತಾರೆ ಅಂತ ಒಂದು ದಿನ ಹೋಗಿ ನೋಡಬೇಕು.

ಅಲ್ಲಿಯವರೆಗೆ ನಮ್ಮ ಜೀವ ನಮ್ಮ ಕೈಯಲ್ಲಿ. ಹೆಲ್ಮೆಟ್ ಇಲ್ಲದೆ ಸೈಕಲ್ ಹತ್ತಬೇಡಿ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ. ಕಿವಿಗೆ ಇಯರ್‌ಫೋನ್ ಬೇಡ. ಜೋರಿನ ಅಭ್ಯಾಸಕ್ಕೆ ಅಡ್ಡರಸ್ತೆ, ಹಂಪು ಇಲ್ಲದ, ವಾಹನ ಕಡಿಮೆ ಇರುವ ಒಂದೇ ತುಂಡು ರಸ್ತೆ ಆರಿಸಿ, ಅದರಲ್ಲೇ ಹೋಗಿ ಬನ್ನಿ. ಮಳೆ ಬಂದ ದಿನ ಮನೆಯಲ್ಲಿರಿ. ಗುಂಪು ರೇಸ್‌ಗೆ ಹೋಗುವವರು ಇನ್ನೊಂದು ಕಲೀಬೇಕು. ಮುಂದಿನವರ ಬೆನ್ನಿಗೆ ಹತ್ತಿರ ಹೋದರೆ ಗಾಳಿ ಕಡಿಮೆ, ಕಾಲು ಭಾಗದಷ್ಟು ಶ್ರಮ ಉಳಿಯುತ್ತೆ. ಆದರೆ ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ನುಸುಳಿತೋ, ಅವರು ಸ್ವಲ್ಪ ವಾಲಿದ್ರೂ ಬೀಳೋದು ನೀವೇ. ನಿಮ್ಮ ಹಿಂದಿರುವ ಹತ್ತು ಜನರೂ ನಿಮ್ಮ ಮೇಲೆ ಬೀಳ್ತಾರೆ. ನೆಟ್ಟಗೆ ಓಡಿಸೋದು, ಏಕಾಏಕಿ ಬ್ರೇಕ್ ಹಾಕದಿರೋದು ರೇಸ್‌ನಲ್ಲಿ ಕಲಿಯುವ ವಿದ್ಯೆ ಅಲ್ಲ. ಟೈಮ್ ಟ್ರಯಲ್‌ನಲ್ಲಂತೂ ಇನ್ನೊಬ್ಬರ ಬೆನ್ನಿಗೆ ಬೀಳೋದೇ ನಿಯಮಕ್ಕೆ ವಿರುದ್ಧ.

ಕೊನೆಗೆ ರೇಸ್‌ನ ಬೆಳಗ್ಗೆ. ಎರಡು, ಮೂರು ಗಂಟೆ ಮುಂಚೆ ನಿಮಗೆ ರೂಢಿ ಇರುವ ಹಗುರ ತಿಂಡಿ. ಇಡ್ಲಿ, ಬಾಳೆಹಣ್ಣು, ಅವಲಕ್ಕಿ, ಯಾವುದಾದರೂ ಆಗುತ್ತೆ. ಜೋಳದ ರೊಟ್ಟಿ, ಎಣ್ಣೆಗಾಯಿ ನನಗೂ ಇಷ್ಟ. ಆದರೆ ಅದು ಗೆದ್ದ ಮೇಲೆ, ಅಥವಾ ಸೋತ ಮೇಲೆ. ಒಂದು ಗಂಟೆಯೊಳಗೆ ಮುಗಿಯುವ ರೇಸ್‌ಗೆ ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ಶಕ್ತಿ ಸಾಕು. ನೂರಾರು ರೂಪಾಯಿಯ ಜೆಲ್ ಪ್ಯಾಕೆಟ್ ಬೇಕಿಲ್ಲ. ಹೊಸ ಶೂ, ಹೊಸ ಸೀಟು, ಸ್ನೇಹಿತ ಕೊಟ್ಟ ಹೊಸ ಪುಡಿ, ಯಾವುದೂ ಆ ದಿನ ಬೇಡ. ಬ್ರೇಕ್, ಚೈನ್, ಟೈರಿನ ಗಾಳಿ ಹಿಂದಿನ ರಾತ್ರಿಯೇ ನೋಡಿ. ರೇಸ್ ಚಿಕ್ಕದು, ಆದ್ದರಿಂದ ಮೈ ಬಿಸಿ ಮಾಡಿಕೊಳ್ಳೋದು ಉದ್ದ. ಇಪ್ಪತ್ತು ನಿಮಿಷ. ಕೊನೆಯಲ್ಲಿ ಎರಡು ಮೂರು ಸಲ ಅರ್ಧರ್ಧ ನಿಮಿಷ ಜೋರು. ತಣ್ಣಗಿರುವ ಮೈಯನ್ನು ನೇರ ಮಿತಿಗೆ ತಳ್ಳಬಾರದು.

ಸೀಟಿ ಊದಿದ ಕೂಡಲೇ ಎಲ್ಲರೂ ಹುಚ್ಚರಂತೆ ಹೋಗ್ತಾರೆ. ಮೊದಲ ಐದು ನಿಮಿಷ ತಡೆದುಕೊಳ್ಳಿ. "ಇದು ಸುಲಭ ಇದೆಯಲ್ಲ" ಅನ್ನಿಸಬೇಕು, ಹಾಗಿದ್ರೆ ಸರಿಯಾಗಿದೆ. ಇನ್ನೊಂದು ಲೆಕ್ಕ. ಹತ್ತು ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಹೋಗುವಾಗ ಎದುರುಗಾಳಿ, ವೇಗ 25. ಬರುವಾಗ ಹಿಂದಿನಿಂದ ಗಾಳಿ, ವೇಗ 35. ಸರಾಸರಿ 30 ಅಂತೀರಾ? ಹೋಗೋಕೆ 24 ನಿಮಿಷ, ಬರೋಕೆ 17 ನಿಮಿಷ ಚಿಲ್ಲರೆ. ಒಟ್ಟು 41 ನಿಮಿಷ ದಾಟುತ್ತೆ. ಎದುರುಗಾಳಿಯಲ್ಲಿ ಕಳೆದದ್ದನ್ನು ಹಿಂಗಾಳಿ ಪೂರ್ತಿ ವಾಪಸ್ ಕೊಡಲ್ಲ. ಅದಕ್ಕೇ ಉಳಿಸಿಕೊಂಡ ಶಕ್ತಿಯನ್ನು ಎದುರುಗಾಳಿಯಲ್ಲಿ ಸ್ವಲ್ಪ ಹೆಚ್ಚು ಖರ್ಚು ಮಾಡಿ. ಅನುಭವಿಗಳು ನಿಮಿಷ ಕದಿಯೋದು ಅಲ್ಲೇ.

ಇಷ್ಟೆಲ್ಲ ಮಾಡಿ ಎಷ್ಟನೇ ಸ್ಥಾನ? ನೂರು ಜನರಲ್ಲಿ ಅರವತ್ತನೆಯದೂ ಇರಬಹುದು. ಮನೆಯಲ್ಲಿ ಕೇಳ್ತಾರೆ, "ಇದಕ್ಕೆ ಎರಡು ತಿಂಗಳು ಬೆಳಗಾಗೋ ಮುಂಚೆ ಎದ್ದು ಹೋಗ್ತಿದ್ರಾ?" ಅಂತ. ಅವರಿಗೆ ಹೀಗೆ ಹೇಳಿ. ಎಂಟು ವಾರದ ಹಿಂದೆ ಎರಡು ಮಹಡಿ ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತಿತ್ತು, ಈಗ ಬರಲ್ಲ. ರಾತ್ರಿ ಹತ್ತಕ್ಕೆ ನಿದ್ದೆ ಬರುತ್ತೆ. ಬಿಪಿ ಎಷ್ಟು ಅಂತ ಗೊತ್ತಿದೆ. ರೇಸ್ ಮುಗಿದ ಮರುದಿನ ಸೈಕಲ್ ಬಾಲ್ಕನಿಗೆ ಸೇರಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗದಿದ್ರೆ, ವಾರಕ್ಕೆ ನಾಲ್ಕು ದಿನದ ಆ ನಿಧಾನದ ಸವಾರಿ ಉಳಿದುಕೊಂಡ್ರೆ, ಕೊಟ್ಟ ಪ್ರವೇಶ ಶುಲ್ಕ ವಸೂಲಾದ ಹಾಗೇ.

ಕೊನೆಯ ಮಾತು ಕಾರು, ಬಸ್ಸು, ಲಾರಿ ಓಡಿಸುವ ವೀಕ್ಷಕರಿಗೆ. ನಾಳೆ ಬೆಳಗಿನ ಜಾವ ರಸ್ತೆಯ ಎಡಬದಿಯಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗ್ತಿದ್ರೆ ಹಾರ್ನ್ ಹೊಡೆದು ಗಾಬರಿ ಮಾಡಬೇಡಿ. ಒಂದೂವರೆ ಮೀಟರ್ ಜಾಗ ಬಿಟ್ಟು ದಾಟಿ. ಅಲ್ಲಿ ತುಳೀತಿರೋದು ಯಾರದೋ ಮನೆಯ ಅಪ್ಪ, ಇಲ್ಲವೇ ಜಾತ್ರೆಯ ರೇಸ್‌ಗೆ ತಯಾರಾಗ್ತಿರೋ ಯಾರದೋ ಮಗಳು. ಅವರು ತಿಂಡಿ ಹೊತ್ತಿಗೆ ಮನೆಗೆ ಬರಬೇಕು.